ಜರ್ಮನ್ ಸಂಸ್ಥಾನಗಳ ಬಿಲ್ಲನ್ ಚಿಲ್ಲರೆ ನಾಣ್ಯಗಳು

ಪವಿತ್ರ ರೋಮನ್ ಸಾಮ್ರಾಜ್ಯಕ್ಕೆ ಸೇರಿದ್ದ ಜರ್ಮನ್ ಸಂಸ್ಥಾನಗಳು, ಬಿಷಪ್ಪರ ಆಳ್ವಿಕೆಯ ಸೀಮೆಗಳು ಮತ್ತು ಸ್ವತಂತ್ರ ನಗರಗಳು ಸುಮಾರು 1500ರಿಂದ ಮುಂದಕ್ಕೆ ದಿನಬಳಕೆಗಾಗಿ ಹೊರಡಿಸಿದ, ಬೆಳ್ಳಿಗಿಂತ ತಾಮ್ರವೇ ಹೆಚ್ಚಿರುವ ಸಣ್ಣ ಬೆಲೆಯ ನಾಣ್ಯಗಳು. ಹೆಲ್ಲರ್, ಫೆನ್ನಿಗ್, ಡ್ರೈಯರ್, ಕ್ರೊಯ್ಟ್ಸರ್, ಬಾಟ್ಸನ್, ಗ್ರೋಶನ್, ಮರಿಯೆನ್‌ಗ್ರೋಶನ್, ಆಲ್ಬುಸ್, ಜೆಕ್ಸ್‌ಲಿಂಗ್ ಇವುಗಳಲ್ಲಿ ಮುಖ್ಯವಾದವು. ಸಾಮ್ರಾಜ್ಯ 1806ರಲ್ಲಿ ಕೊನೆಗೊಂಡ ಮೇಲೂ ಅದರ ಜಾಗಕ್ಕೆ ಬಂದ ರಾಜ್ಯಗಳು ಇವನ್ನು ಅಚ್ಚುಹಾಕಿಸುತ್ತಲೇ ಇದ್ದವು. ಏಕೀಕೃತ ಜರ್ಮನಿಯ 1871 ಮತ್ತು 1873ರ ನಾಣ್ಯ ಕಾಯಿದೆಗಳೊಂದಿಗೆ ಇವುಗಳ ಕಾಲ ಮುಗಿಯಿತು.

ಅರಮನೆಯ ಬೊಕ್ಕಸ ಮತ್ತು ದೊಡ್ಡ ವರ್ತಕರ ವ್ಯವಹಾರ ನಡೆಯುತ್ತಿದ್ದುದು ಟಾಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯದಲ್ಲಿ ಮತ್ತು ಚಿನ್ನದ ನಾಣ್ಯಗಳಲ್ಲಿ. ಕೂಲಿ, ರೊಟ್ಟಿ, ಬಿಯರ್, ಸೇತುವೆಯ ಸುಂಕ, ಚರ್ಚಿನ ಕಾಣಿಕೆ ಇವೆಲ್ಲ ನಡೆಯುತ್ತಿದ್ದುದು ಬಿಲ್ಲನ್ ಚಿಲ್ಲರೆಯಲ್ಲಿ. ಹೀಗಾಗಿ ಟಾಲರಿನ ಗುಣ ಕೆಟ್ಟರೆ ವರ್ತಕರು ಗೊಣಗುತ್ತಿದ್ದರು. ಚಿಲ್ಲರೆಯ ಗುಣ ಕೆಟ್ಟರೆ ಊರೇ ದಂಗೆ ಏಳುತ್ತಿತ್ತು. ಚಿಲ್ಲರೆಯ ಬೆಲೆ ಅದರೊಳಗಿನ ಬೆಳ್ಳಿಯಿಂದ ಬರಬೇಕೋ, ಅದನ್ನು ಹೊರಡಿಸಿದವರ ಮಾತಿನಿಂದ ಬರಬೇಕೋ ಎಂಬ ಒಂದೇ ಪ್ರಶ್ನೆಯ ಸುತ್ತ ಈ ನಾಣ್ಯಗಳ ಮೂರೂವರೆ ಶತಮಾನದ ಇತಿಹಾಸ ಸುತ್ತಿದೆ.

ಲೋಹ ಮತ್ತು ಮಟ್ಟ

ಬೆಳ್ಳಿಯ ಅಂಶ ಅರ್ಧಕ್ಕಿಂತ ಕಡಿಮೆ ಇರುವ ಬೆಳ್ಳಿ-ತಾಮ್ರದ ಮಿಶ್ರಣಕ್ಕೆ ನಾಣ್ಯಶಾಸ್ತ್ರದಲ್ಲಿ ಬಿಲ್ಲನ್ ಎಂದು ಹೆಸರು. ಜರ್ಮನ್ ಟಂಕಸಾಲೆಗಳು ತೂಕಕ್ಕೆ ಕಲೋನ್ ಮಾರ್ಕ್ ಎಂಬ ಮಾನವನ್ನು ಬಳಸುತ್ತಿದ್ದವು. ಇದು ಸುಮಾರು 233.86 ಗ್ರಾಂ. ಶುದ್ಧತೆಯನ್ನು ಅಳೆಯಲು ಇದೇ ಮಾರ್ಕನ್ನು 16 ಲೋಟ್‌ಗಳಾಗಿಯೂ ಪ್ರತಿ ಲೋಟನ್ನು 18 ಗ್ರೇನ್‌ಗಳಾಗಿಯೂ ಭಾಗಿಸುತ್ತಿದ್ದರು. 16 ಲೋಟ್ ಎಂದರೆ ಅಪ್ಪಟ ಬೆಳ್ಳಿ. 8 ಲೋಟ್ ಎಂದರೆ ಅರ್ಧ ಬೆಳ್ಳಿ, ಅರ್ಧ ತಾಮ್ರ. ಸಾಮ್ರಾಜ್ಯದ ಟಾಲರಿನ ಮಟ್ಟ 14 ಲೋಟ್ 4 ಗ್ರೇನ್, ಅಂದರೆ ಸಾವಿರಕ್ಕೆ ಸುಮಾರು 889. ಸಣ್ಣ ನಾಣ್ಯಗಳು 8 ಲೋಟ್‌ಗಿಂತ ಕೆಳಗೆ, ಕೆಟ್ಟ ಕಾಲದಲ್ಲಿ 1 ಲೋಟ್‌ಗಿಂತಲೂ ಕೆಳಗೆ ಇಳಿಯುತ್ತಿದ್ದವು.

ತಾಮ್ರ ಬೆರೆಸುವುದು ಎಲ್ಲ ಕಾಲದಲ್ಲೂ ಮೋಸವೇ ಆಗಿರಲಿಲ್ಲ. ಒಂದು ಟಾಲರಿಗೆ 288 ಫೆನ್ನಿಗ್‌ಗಳಾದರೆ ಟಾಲರಿನ 26 ಗ್ರಾಂ ಬೆಳ್ಳಿಯಲ್ಲಿ ಒಂದು ಫೆನ್ನಿಗ್‌ನ ಪಾಲು 0.09 ಗ್ರಾಂ ಮಾತ್ರ. ಅಷ್ಟನ್ನು ಅಪ್ಪಟ ಬೆಳ್ಳಿಯಲ್ಲೇ ಅಚ್ಚುಹಾಕಿದರೆ ಕೈಗೆ ಸಿಗದ, ಬೆರಳ ಸಂದಿನಲ್ಲಿ ಜಾರಿಹೋಗುವ ತಗಡಿನ ಚೂರಾಗುತ್ತದೆ. ಹಿಡಿದು ಎಣಿಸಲು ಬರುವಷ್ಟು ಗಾತ್ರ ಕೊಡುವುದೇ ತಾಮ್ರದ ಮೊದಲ ಕೆಲಸವಾಗಿತ್ತು.

ತಯಾರಿಕೆ

ಬೆಳ್ಳಿ ಬರುತ್ತಿದ್ದುದು ಸಾಕ್ಸನಿಯ ಎರ್ತ್ಸ್‌ಗೆಬಿರ್ಗೆ ಬೆಟ್ಟಗಳು, ಹಾರ್ಟ್ಸ್ ಸೀಮೆ, ಟಿರೋಲ್ ಮತ್ತು ಬೊಹೀಮಿಯದ ಗಣಿಗಳಿಂದ. ಮಾನ್ಸ್‌ಫೆಲ್ಡ್‌ನ ತಾಮ್ರದ ಅದಿರಿನಲ್ಲಿ ಬೆಳ್ಳಿಯೂ ಸೇರಿರುತ್ತಿತ್ತು. ಸೀಸವನ್ನು ಕೂಡಿಸಿ ಕರಗಿಸಿ ಅದನ್ನು ಬೇರ್ಪಡಿಸುವ ಕುಲುಮೆಗಳು ಥುರಿಂಗಿಯದಲ್ಲಿ ದೊಡ್ಡ ಉದ್ಯಮವಾಗಿದ್ದವು. ಈ ವಿಧಾನವನ್ನು ಗೆಯೋರ್ಗಿಯುಸ್ ಅಗ್ರಿಕೋಲಾ 1556ರಲ್ಲಿ ಪ್ರಕಟವಾದ ತನ್ನ ಗಣಿಶಾಸ್ತ್ರ ಗ್ರಂಥದಲ್ಲಿ ಚಿತ್ರಸಹಿತ ವಿವರಿಸಿದ್ದಾನೆ. ಲೋಹದ ಮಟ್ಟ ಪರೀಕ್ಷಿಸುವ ಕ್ರಮಗಳನ್ನು ಲಾಜರುಸ್ ಎರ್ಕರ್ 1574ರಲ್ಲಿ ಪ್ರಾಗ್‌ನಲ್ಲಿ ಮುದ್ರಿಸಿದ ಪುಸ್ತಕದಲ್ಲಿ ದಾಖಲಿಸಿದ. ಎರ್ಕರ್ ಸ್ವತಃ ಟಂಕಸಾಲೆಗಳಲ್ಲಿ ದುಡಿದವನು.

ಕರಗಿಸಿದ ಮಿಶ್ರಲೋಹವನ್ನು ಪಟ್ಟಿಗಳಾಗಿ ಎರಕ ಹೊಯ್ದು, ಬಡಿದು ತೆಳ್ಳಗೆ ಮಾಡಿ, ಬಿಲ್ಲೆಗಳನ್ನು ಕತ್ತರಿಸಿ ಎರಡು ಅಚ್ಚುಗಳ ನಡುವೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು ಹಳೆಯ ಪದ್ಧತಿ. 1570ರ ಸುಮಾರಿಗೆ ಟಿರೋಲಿನ ಹಾಲ್ ಟಂಕಸಾಲೆಯಲ್ಲಿ ನೀರಿನ ಚಕ್ರದಿಂದ ಓಡುವ ಉರುಳೆಗಳ ಯಂತ್ರ ನೆಲೆಗೊಂಡಿತು. ಉರುಳೆಗಳ ಮೇಲೆಯೇ ಅಚ್ಚು ಕೊರೆದಿರುತ್ತಿದ್ದ ಕಾರಣ ಪಟ್ಟಿ ಅವುಗಳ ನಡುವೆ ಹಾಯುವಾಗಲೇ ಸಾಲುಸಾಲಾಗಿ ಮುದ್ರೆ ಬೀಳುತ್ತಿತ್ತು. ಹೀಗೆ ತಯಾರಾದ ನಾಣ್ಯಗಳು ಕೊಂಚ ಬಾಗಿರುತ್ತವೆ. ತಿರುಪು ಒತ್ತುಯಂತ್ರ 17 ಮತ್ತು 18ನೇ ಶತಮಾನಗಳಲ್ಲಿ ನಿಧಾನವಾಗಿ ಹರಡಿತು. ಸಣ್ಣ ಸಂಸ್ಥಾನಗಳಲ್ಲಿ ಸುತ್ತಿಗೆ ಬಹುಕಾಲ ಉಳಿಯಿತು. ಎಲ್ಲಕ್ಕಿಂತ ಅಗ್ಗವಾದುದು ಒಂದೇ ಬದಿಗೆ ಅಚ್ಚು ಬಿದ್ದ ತೆಳು ಫೆನ್ನಿಗ್. ಹೊಡೆತಕ್ಕೆ ತಗ್ಗಿ ಪುಟ್ಟ ಬಟ್ಟಲಿನ ಆಕಾರ ತಾಳುತ್ತಿದ್ದ ಇಂಥವನ್ನು ಸಂಗ್ರಾಹಕರು ಬಟ್ಟಲು ಫೆನ್ನಿಗ್ ಎಂದೇ ಗುರುತಿಸುತ್ತಾರೆ.

ತಾಮ್ರ ಹೆಚ್ಚಾದ ಬಿಲ್ಲೆ ಕೆಂಪಾಗಿ ಕಾಣುತ್ತದೆ. ಅದಕ್ಕೆ ಪರಿಹಾರವಾಗಿ ಅಚ್ಚುಹಾಕುವ ಮೊದಲು ಬಿಲ್ಲೆಗಳನ್ನು ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟುವ ಹುಳಿಯುಪ್ಪು ಮತ್ತು ಅಡಿಗೆ ಉಪ್ಪಿನ ದ್ರಾವಣದಲ್ಲಿ ಕುದಿಸುತ್ತಿದ್ದರು. ಮೇಲ್ಮೈಯ ತಾಮ್ರ ಕರಗಿಹೋಗಿ ಬೆಳ್ಳಿಯ ತೆಳುಪದರ ಉಳಿಯುತ್ತಿತ್ತು. ಟಂಕಸಾಲೆಯಿಂದ ಹೊರಬಿದ್ದಾಗ ನಾಣ್ಯ ಬೆಳ್ಳಗೆ ಮಿನುಗುತ್ತಿತ್ತು. ನೂರಾರು ಕೈ ಬದಲಾಗುತ್ತಿದ್ದಂತೆ ಉಬ್ಬಿದ ಭಾಗಗಳಲ್ಲಿ ಮೊದಲು ತಾಮ್ರ ಇಣುಕುತ್ತಿತ್ತು. ಇಂದಿನ ಸಂಶೋಧಕರಿಗೂ ಇದೇ ತೊಡಕು. ಮೇಲ್ಮೈಯನ್ನಷ್ಟೇ ನೋಡುವ ಎಕ್ಸ್-ಕಿರಣ ಪರೀಕ್ಷೆ ಬೆಳ್ಳಿಯ ಪ್ರಮಾಣವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ.

ದೊಡ್ಡ ನಾಣ್ಯಗಳನ್ನು ಒಂದೊಂದಾಗಿ ತೂಗಿ ಸರಿಪಡಿಸುತ್ತಿದ್ದರು. ಚಿಲ್ಲರೆಗೆ ಅಷ್ಟು ಶ್ರಮ ಸಲ್ಲುತ್ತಿರಲಿಲ್ಲ. ಒಂದು ಮಾರ್ಕ್ ತೂಕಕ್ಕೆ ಇಷ್ಟು ಬಿಲ್ಲೆ ಎಂದು ಒಟ್ಟು ಲೆಕ್ಕ ಹಿಡಿದರೆ ಸಾಕಿತ್ತು. ಇದರಿಂದ ಒಂದೇ ದಿನ ಒಂದೇ ಅಚ್ಚಿನಿಂದ ಬಂದ ಎರಡು ಫೆನ್ನಿಗ್‌ಗಳ ತೂಕದಲ್ಲಿ ಸಾಕಷ್ಟು ಅಂತರವಿರುತ್ತಿತ್ತು. ಸಣ್ಣ ತಕ್ಕಡಿ ಇಟ್ಟುಕೊಂಡ ಚಿನಿವಾರನಿಗೆ ಇದೇ ಬಂಡವಾಳ: ಭಾರವಾದವನ್ನು ಆರಿಸಿ ಕುಲುಮೆಗೆ ಹಾಕಿ, ಹಗುರವಾದವನ್ನು ಸಂತೆಗೆ ಬಿಡುತ್ತಿದ್ದ.

ಪ್ರದೇಶಗಳು ಮತ್ತು ಲೆಕ್ಕದ ಪದ್ಧತಿಗಳು

ಕ್ಯಾರೊಲಿಂಜಿಯನ್ ಕಾಲದಿಂದ ಬಂದ ಹಳೆಯ ಲೆಕ್ಕದಲ್ಲಿ 12 ಫೆನ್ನಿಗ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. ಮಧ್ಯಯುಗದ ಕೊನೆಗೆ ಫೆನ್ನಿಗ್ ಊರೂರಿಗೆ ಬೇರೆಬೇರೆ ವೇಗದಲ್ಲಿ ಸವಕಲಾದ ಕಾರಣ ಈ ಚೌಕಟ್ಟು ಒಡೆದು, ನಾಲ್ಕೈದು ಪ್ರಾದೇಶಿಕ ಪದ್ಧತಿಗಳು ಬೆಳೆದವು.

ದಕ್ಷಿಣದಲ್ಲಿ, ಅಂದರೆ ಬವೇರಿಯ, ಸ್ವಾಬಿಯ, ಫ್ರಾಂಕೋನಿಯ ಮತ್ತು ಆಸ್ಟ್ರಿಯ ಸೀಮೆಗಳಲ್ಲಿ, ಕ್ರೊಯ್ಟ್ಸರ್ ಆಳಿತು. 13ನೇ ಶತಮಾನದಲ್ಲಿ ಟಿರೋಲಿನ ಮೆರಾನ್‌ನಲ್ಲಿ ಶಿಲುಬೆಯ ಗುರುತಿನೊಂದಿಗೆ ಹುಟ್ಟಿದ ನಾಣ್ಯ ಇದು. 2 ಹೆಲ್ಲರ್‌ಗೆ 1 ಫೆನ್ನಿಗ್, 4 ಫೆನ್ನಿಗ್‌ಗೆ 1 ಕ್ರೊಯ್ಟ್ಸರ್, 4 ಕ್ರೊಯ್ಟ್ಸರ್‌ಗೆ 1 ಬಾಟ್ಸನ್, 60 ಕ್ರೊಯ್ಟ್ಸರ್‌ಗೆ 1 ಗುಲ್ಡನ್. ಈ ಪೈಕಿ ಹೆಲ್ಲರ್ ಸ್ವಾಬಿಯದ ಹಾಲ್ ಪಟ್ಟಣದಲ್ಲಿ 12ನೇ ಶತಮಾನದ ಕೊನೆಗೆ ಶುರುವಾಗಿ, ಒಂದು ಬದಿಗೆ ಅಂಗೈ, ಇನ್ನೊಂದಕ್ಕೆ ಶಿಲುಬೆ ಹೊತ್ತು ಇಡೀ ಜರ್ಮನಿಗೆ ಹರಡಿತ್ತು. ಬಾಟ್ಸನ್ ಬಂದುದು ಸ್ವಿಸ್ ನಗರ ಬರ್ನ್‌ನಿಂದ, 15ನೇ ಶತಮಾನದ ಕೊನೆಯ ದಶಕದಲ್ಲಿ. ದಕ್ಷಿಣದ ನಗರಗಳೂ ಬಿಷಪ್ಪರೂ ಅದನ್ನು ಎಷ್ಟು ಉತ್ಸಾಹದಿಂದ ನಕಲು ಮಾಡಿದರೆಂದರೆ 1559ರಲ್ಲಿ ಸಾಮ್ರಾಜ್ಯ ಅದನ್ನು ಅಚ್ಚುಹಾಕಕೂಡದೆಂದು ನಿಷೇಧಿಸಬೇಕಾಯಿತು. ಆಮೇಲೂ ಲೆಕ್ಕದ ಮಾತಾಗಿ ಬಾಟ್ಸನ್ ಬದುಕಿತು.

ಸಾಕ್ಸನಿ, ಥುರಿಂಗಿಯ, ಬ್ರಾಂಡೆನ್‌ಬರ್ಗ್‌ಗಳದು ಗ್ರೋಶನ್ ಸೀಮೆ. 12 ಫೆನ್ನಿಗ್‌ಗೆ 1 ಗ್ರೋಶನ್, 24 ಗ್ರೋಶನ್‌ಗೆ 1 ಟಾಲರ್. ಮೂರು ಫೆನ್ನಿಗ್ ಬೆಲೆಯ ಡ್ರೈಯರ್ ಇಲ್ಲಿಯ ಜನಪ್ರಿಯ ಚಿಲ್ಲರೆ. ಬ್ರೌನ್ಶ್‌ವೈಗ್, ಹಾನೋವರ್ ಮತ್ತು ಹಾರ್ಟ್ಸ್ ಸೀಮೆಗಳಲ್ಲಿ ಮರಿಯೆನ್‌ಗ್ರೋಶನ್ ನಡೆಯುತ್ತಿತ್ತು. ಗೊಸ್ಲಾರ್ ನಗರ 1505ರಲ್ಲಿ ಮಗುವನ್ನೆತ್ತಿಕೊಂಡ ಮೇರಿಯ ಚಿತ್ರದೊಡನೆ ಹೊರಡಿಸಿದ ಇದು ಮುಂದೆ 8 ಫೆನ್ನಿಗ್ ಬೆಲೆಗೆ ನಿಂತು, ಟಾಲರಿಗೆ 36 ಎಂಬ ಲೆಕ್ಕ ಹಿಡಿಯಿತು.

ಉತ್ತರದ ಲ್ಯೂಬೆಕ್, ಹಾಂಬುರ್ಗ್, ವಿಸ್ಮಾರ್, ರೋಸ್ಟೋಕ್ ಮೊದಲಾದ ನಗರಗಳು ಶಿಲ್ಲಿಂಗ್‌ಗೆ ಅಂಟಿಕೊಂಡವು. 12 ಫೆನ್ನಿಗ್‌ಗೆ 1 ಶಿಲ್ಲಿಂಗ್, 16 ಶಿಲ್ಲಿಂಗ್‌ಗೆ 1 ಮಾರ್ಕ್ (ತೂಕದ ಮಾರ್ಕ್ ಅಲ್ಲ, ಹಣದ ಮಾರ್ಕ್), 3 ಮಾರ್ಕ್‌ಗೆ 1 ಟಾಲರ್. ನಡುವೆ 3 ಫೆನ್ನಿಗ್‌ನ ಡ್ರೈಲಿಂಗ್ ಮತ್ತು 6 ಫೆನ್ನಿಗ್‌ನ ಜೆಕ್ಸ್‌ಲಿಂಗ್. ಬ್ರೆಮೆನ್ ಮತ್ತು ಓಲ್ಡನ್‌ಬುರ್ಗ್‌ಗಳ ಲೆಕ್ಕವೇ ಬೇರೆ: 5 ಶ್ವಾರೆನ್‌ಗೆ 1 ಗ್ರೋಟನ್, 72 ಗ್ರೋಟನ್‌ಗೆ 1 ಟಾಲರ್. ರೈನ್ ನದಿಯ ದಂಡೆಯಲ್ಲಿ ಆಲ್ಬುಸ್, ಅದರ ಕೆಳಹರಿವಿನಲ್ಲಿ ನೆದರ್‌ಲೆಂಡ್ಸ್ ಪ್ರಭಾವದ ಸ್ಟ್ಯೂಬರ್.

ಒಂದು ದಿನದ ದಾರಿಯಲ್ಲಿ ಮೂರು ಗಡಿ ದಾಟುವ ವರ್ತಕನಿಗೆ ಮೂರು ಚೀಲದ ಚಿಲ್ಲರೆ ಬೇಕಾಗುತ್ತಿತ್ತು. ನೆರೆಸೀಮೆಯ ಯಾವ ನಾಣ್ಯ ಎಷ್ಟು ಬೆಲೆಗೆ ಸಲ್ಲುತ್ತದೆ, ಯಾವುದು ನಿಷಿದ್ಧ ಎಂದು ಮರದಚ್ಚಿನ ಚಿತ್ರಗಳೊಂದಿಗೆ ತಿಳಿಸುವ ಸರಕಾರಿ ಪ್ರಕಟಣೆಗಳು ಅಂದಿನ ಮುದ್ರಣಾಲಯಗಳ ಖಾಯಂ ಕೆಲಸವಾಗಿದ್ದವು. ಮ್ಯೂನಿಕ್‌ನ ಮುದ್ರಕ ಆಡಂ ಬೆರ್ಗ್ 1597ರಲ್ಲಿ ಹೊರತಂದ ನಾಣ್ಯ ಪುಸ್ತಕ ಇಂಥದೇ ಸಾಮಗ್ರಿಯ ದೊಡ್ಡ ಸಂಕಲನ.

ಸಾಮ್ರಾಜ್ಯದ ನಾಣ್ಯ ಶಾಸನಗಳು

ನಾಣ್ಯ ಅಚ್ಚುಹಾಕುವ ಹಕ್ಕು ಮೂಲತಃ ಚಕ್ರವರ್ತಿಯದು. ಆದರೆ ಮಧ್ಯಯುಗದುದ್ದಕ್ಕೂ ಅದು ದಾನವಾಗಿ, ಅಡಮಾನವಾಗಿ, ಕೆಲವೊಮ್ಮೆ ಬರಿಯ ರೂಢಿಯಾಗಿ ಕೈಬಿಟ್ಟು ಹೋಗಿ, ನೂರಾರು ಪ್ರಭುಗಳ, ಮಠಾಧೀಶರ, ನಗರಗಳ ಪಾಲಾಗಿತ್ತು. ಇದಕ್ಕೊಂದು ಸೂತ್ರ ಹಾಕಲು 16ನೇ ಶತಮಾನದಲ್ಲಿ ಮೂರು ಶಾಸನಗಳು ಬಂದವು: 1524ರಲ್ಲಿ ಎಸ್ಲಿಂಗನ್, 1551 ಮತ್ತು 1559ರಲ್ಲಿ ಔಗ್ಸ್‌ಬುರ್ಗ್. 1566ರಲ್ಲಿ ಟಾಲರನ್ನು ಅಧಿಕೃತವಾಗಿ ಒಪ್ಪಿಕೊಂಡು ಅದರ ಬೆಲೆ 68 ಕ್ರೊಯ್ಟ್ಸರ್ ಎಂದು ಗೊತ್ತುಮಾಡಲಾಯಿತು. ಒಂದು ಮಾರ್ಕ್ ಶುದ್ಧ ಬೆಳ್ಳಿಯಿಂದ 9 ಟಾಲರ್.

ಮೇಲ್ವಿಚಾರಣೆ ಸಾಮ್ರಾಜ್ಯದ ಹತ್ತು ವಲಯಗಳ ಹೆಗಲಿಗೆ ಬಿತ್ತು. ಪ್ರತಿ ವಲಯವೂ ಪರೀಕ್ಷಕನೊಬ್ಬನನ್ನು ನೇಮಿಸಿ, ಗೊತ್ತಾದ ದಿನಗಳಲ್ಲಿ ಸಭೆ ಸೇರಿ, ಟಂಕಸಾಲೆಗಳು ತಂದ ಮಾದರಿಗಳನ್ನು ಕರಗಿಸಿ ನೋಡಬೇಕಿತ್ತು. 1570ರ ದಶಕದ ಆರಂಭದಲ್ಲಿ, ಸ್ವಂತ ಗಣಿ ಇಲ್ಲದ ಪ್ರಭುಗಳು ವಲಯದ ಕೆಲವೇ ಅಧಿಕೃತ ಟಂಕಸಾಲೆಗಳಲ್ಲಿ ಮಾತ್ರ ನಾಣ್ಯ ಮಾಡಿಸಬೇಕೆಂಬ ನಿಯಮವೂ ಬಂತು. ಈ ಕಣ್ಣು ತಪ್ಪಿಸಿ ಕೋಟೆಯ ಮೂಲೆಯಲ್ಲೋ ಹಳ್ಳಿಯ ಗಿರಣಿಯಲ್ಲೋ ನಡೆಯುತ್ತಿದ್ದ ಕಳ್ಳ ಟಂಕಸಾಲೆಗಳನ್ನು ಅಂದಿನ ದಾಖಲೆಗಳು ಬೇಲಿಮರೆಯ ಟಂಕಸಾಲೆಗಳೆಂದು ಹೀಗಳೆಯುತ್ತವೆ.

ಒಳ್ಳೆಯ ನಾಣ್ಯ ಬೇಕೋ, ಲಾಭದ ನಾಣ್ಯ ಬೇಕೋ ಎಂಬ ಚರ್ಚೆ ಬೀದಿಗೂ ಬಂದಿತ್ತು. ಸಾಕ್ಸನಿಯನ್ನು ಹಂಚಿಕೊಂಡಿದ್ದ ವೆಟ್ಟಿನ್ ಮನೆತನದ ಎರಡು ಶಾಖೆಗಳು 1530ರ ಸುಮಾರಿಗೆ ಜಂಟಿ ನಾಣ್ಯದ ವಿಷಯಕ್ಕೆ ಜಗಳವಾಡಿದವು. ಎರ್ನೆಸ್ಟೈನ್ ಶಾಖೆ ಬೆಳ್ಳಿ ಇಳಿಸಬೇಕೆಂದಿತು, ಆಲ್ಬರ್ಟೈನ್ ಶಾಖೆ ಹಳೆಯ ಮಟ್ಟವನ್ನು ಬಿಡಲೊಪ್ಪಲಿಲ್ಲ. ಇದರಿಂದ ಹುಟ್ಟಿದ ಅನಾಮಧೇಯ ಕಿರುಹೊತ್ತಿಗೆಗಳು ನಾಣ್ಯದ ಅರ್ಥಶಾಸ್ತ್ರ ಕುರಿತ ಜರ್ಮನ್ ಭಾಷೆಯ ಮೊದಮೊದಲ ಸಾರ್ವಜನಿಕ ವಾದವಿವಾದ. ಅದೇ ಹೊತ್ತಿನಲ್ಲಿ ಪ್ರಷ್ಯಾದ ಕೆಟ್ಟ ಚಿಲ್ಲರೆಯನ್ನು ಕಣ್ಣಾರೆ ಕಂಡಿದ್ದ ಖಗೋಳಜ್ಞ ಕೋಪರ್ನಿಕಸ್ ಕೂಡ ನಾಣ್ಯದ ಮೇಲೆ ಲ್ಯಾಟಿನ್ ಪ್ರಬಂಧ ಬರೆದು, ಕೀಳು ನಾಣ್ಯ ಬಂದರೆ ಒಳ್ಳೆಯದು ದೇಶ ಬಿಡುತ್ತದೆ ಎಂದು ವಾದಿಸಿದ.

ತಯಾರಿಕೆಯ ವೆಚ್ಚ ಎಂಬ ಗಂಟು

ಶಾಸನಗಳ ದೋಷ ಇದ್ದುದು ಲೆಕ್ಕದಲ್ಲಿ. ಒಂದು ಟಾಲರಿಗೆ ಒಂದು ಬಿಲ್ಲೆ, ಒಂದು ಹೊಡೆತ. ಅಷ್ಟೇ ಬೆಲೆಯ ಫೆನ್ನಿಗ್‌ಗಳಿಗೆ 288 ಬಿಲ್ಲೆ, 288 ಹೊಡೆತ. ಜತೆಗೆ ಕುದಿಸುವ ಸೌದೆ, ಬೇಗ ಸವೆಯುವ ಅಚ್ಚುಗಳು, ಕೆಲಸಗಾರರ ಕೂಲಿ, ಬೆರೆಸುವ ತಾಮ್ರದ ಬೆಲೆ. ಬೆಲೆಗೆ ಹೋಲಿಸಿದರೆ ಚಿಲ್ಲರೆಯ ತಯಾರಿಕೆ ಟಾಲರಿಗಿಂತ ಹಲವು ಪಟ್ಟು ದುಬಾರಿ. ಈ ವೆಚ್ಚ ಹೊರಬರಬೇಕಾದರೆ ಚಿಲ್ಲರೆಯಲ್ಲಿ ಅದರ ಮುಖಬೆಲೆಗಿಂತ ಕಡಿಮೆ ಬೆಳ್ಳಿ ಇರಲೇಬೇಕು. 1559ರ ಶಾಸನ ಇದನ್ನು ಕೊಂಚ ಒಪ್ಪಿಕೊಂಡಿತಾದರೂ ಅದು ಬಿಟ್ಟುಕೊಟ್ಟ ಅಂತರ ನಿಜವಾದ ಖರ್ಚಿಗೆ ಸಾಲುತ್ತಿರಲಿಲ್ಲ. ಬೆಳ್ಳಿಯ ಪೇಟೆದರ ಏರಿದಂತೆಲ್ಲ ಪರಿಸ್ಥಿತಿ ಬಿಗಡಾಯಿಸಿತು.

ನಿಯಮ ಪಾಲಿಸಿದ ಟಂಕಸಾಲೆಗಳು ನಷ್ಟಕ್ಕೆ ಹೆದರಿ ಚಿಲ್ಲರೆ ಮಾಡುವುದನ್ನೇ ನಿಲ್ಲಿಸಿದವು. ಸಂತೆಯಲ್ಲಿ ಚಿಲ್ಲರೆಗೆ ಬರ ಬಂತು. ಆ ಬರವನ್ನು ತುಂಬಿದವರು ನಿಯಮ ಮುರಿದವರು. ಕೆಟ್ಟ ಕ್ರೊಯ್ಟ್ಸರ್‌ಗಳು ಹರಿದುಬಂದಂತೆ, ಅವುಗಳಲ್ಲಿ ಎಣಿಸಿದ ಟಾಲರಿನ ಬೆಲೆ 68ರಿಂದ ಹತ್ತಿ 17ನೇ ಶತಮಾನದ ಎರಡನೆಯ ದಶಕದ ಹೊತ್ತಿಗೆ 90ರ ಆಸುಪಾಸಿಗೆ ಬಂತು. ಟಾಲರಿನ ಬೆಳ್ಳಿ ಒಂದು ಗುಂಜಿಯೂ ಕರಗಿರಲಿಲ್ಲ.

ಚಿಲ್ಲರೆಯನ್ನು ಪೂರ್ತಿ ತಾಮ್ರದಲ್ಲಿ ಮಾಡುವ ದಾರಿಯೂ ಇತ್ತು. ಮ್ಯೂನ್‌ಸ್ಟರ್‌ನಂಥ ವೆಸ್ಟ್‌ಫಾಲಿಯದ ಕೆಲವು ನಗರಗಳು 16ನೇ ಶತಮಾನದಲ್ಲೇ ಅದನ್ನು ಹಿಡಿದವು. ಉಳಿದೆಡೆ ಜನ ನಾಣ್ಯದೊಳಗೆ ಬೆಳ್ಳಿಯನ್ನೇ ನಿರೀಕ್ಷಿಸುತ್ತಿದ್ದರು. ಪ್ರಭುಗಳಿಗೂ ಬೆಳ್ಳಿಯ ಹೆಸರಿನಲ್ಲಿ ತಾಮ್ರ ದಾಟಿಸುವುದರಲ್ಲಿ ಲಾಭವಿತ್ತು.

ಕಿಪ್ಪರ್ ಮತ್ತು ವಿಪ್ಪರ್ ಕಾಲ (1619–1623)

1618ರಲ್ಲಿ ಮೂವತ್ತು ವರ್ಷಗಳ ಯುದ್ಧ ಹತ್ತಿಕೊಂಡಾಗ ಸೈನ್ಯಕ್ಕೆ ಸಂಬಳ ಕೊಡಲು ಹಣ ಬೇಕಾಯಿತು. ಕೈಗೆ ಹತ್ತಿರವಿದ್ದ ಸಾಧನ ಟಂಕಸಾಲೆ. ಪ್ರಭುಗಳು ತಮ್ಮ ಟಂಕಸಾಲೆಗಳನ್ನು ಗುತ್ತಿಗೆದಾರರಿಗೆ ವಹಿಸಿದರು; ಇಲ್ಲದ ಕಡೆ ಹೊಸವನ್ನು ತೆರೆದರು. ಬ್ರೌನ್ಶ್‌ವೈಗ್-ವೋಲ್ಫನ್‌ಬ್ಯುಟ್ಟೆಲ್‌ನ ಡ್ಯೂಕ್ ಫ್ರೀಡ್ರಿಕ್ ಉಲ್ರಿಕ್‌ನ ಸೀಮೆಯಲ್ಲೂ ಸಾಕ್ಸನಿ, ಥುರಿಂಗಿಯಗಳಲ್ಲೂ ಟಂಕಸಾಲೆಗಳು ನಾಯಿಕೊಡೆಗಳಂತೆ ಎದ್ದವು. ತಕ್ಕಡಿ ವಾಲಿಸಿ ಒಳ್ಳೆಯ ನಾಣ್ಯ ಆರಿಸುವವರಿಗೆ ಜನ ಇಟ್ಟ ಅಡ್ಡಹೆಸರೇ ಈ ಕಾಲದ ಹೆಸರಾಗಿ ನಿಂತಿತು.

ಕೆಲಸದ ಕ್ರಮ ಹೀಗಿತ್ತು. ಸಂಸ್ಥಾನವೊಂದು ಕೀಳು ಮಟ್ಟದ 3, 12, 24 ಕ್ರೊಯ್ಟ್ಸರ್ ನಾಣ್ಯಗಳನ್ನು ರಾಶಿಗಟ್ಟಲೆ ಹೊಡೆಯಿಸುತ್ತಿತ್ತು. ದಲ್ಲಾಳಿಗಳು ಅವನ್ನು ಪಕ್ಕದ ಸೀಮೆಗೆ ಸಾಗಿಸಿ, ಅಲ್ಲಿಯ ರೈತರಿಂದ, ವಿಧವೆಯರಿಂದ, ಸಣ್ಣ ವ್ಯಾಪಾರಿಗಳಿಂದ ಹಳೆಯ ಒಳ್ಳೆಯ ನಾಣ್ಯಗಳನ್ನು ಹೆಚ್ಚು ಬೆಲೆಯ ಆಸೆ ತೋರಿಸಿ ಬದಲಾಯಿಸಿಕೊಳ್ಳುತ್ತಿದ್ದರು. ಆ ಬೆಳ್ಳಿ ಕುಲುಮೆಗೆ ಬಂದು ಇನ್ನಷ್ಟು ಕೀಳು ನಾಣ್ಯವಾಗುತ್ತಿತ್ತು. ತನ್ನ ಬೆಳ್ಳಿ ಬರಿದಾಗುವುದನ್ನು ಕಂಡ ನೆರೆಯ ಪ್ರಭುವೂ ಅದೇ ಹಾದಿ ಹಿಡಿಯುತ್ತಿದ್ದ. ತಾಮ್ರಕ್ಕೆ ಬೇಡಿಕೆ ಏರಿ ಮನೆಯ ಹಂಡೆ, ಕೊಪ್ಪರಿಗೆಗಳೂ ಟಂಕಸಾಲೆ ಸೇರಿದವು. ಕೊನೆಕೊನೆಗೆ ಹೊರಬಿದ್ದ ಹಲವು ನಾಣ್ಯಗಳು ಹೆಸರಿಗೆ ಮಾತ್ರ ಬಿಲ್ಲನ್. ಬೆಳ್ಳಿಯ ಬಣ್ಣ ಬಳಿದ ತಾಮ್ರ.

ಇದರ ಅತಿ ದೊಡ್ಡ ರೂಪ ಕಂಡುದು ಬೊಹೀಮಿಯದಲ್ಲಿ. 1622ರ ಜನವರಿಯಲ್ಲಿ ಚಕ್ರವರ್ತಿ ಎರಡನೆಯ ಫರ್ಡಿನಂಡ್ ಬೊಹೀಮಿಯ, ಮೊರಾವಿಯ ಮತ್ತು ಕೆಳ ಆಸ್ಟ್ರಿಯದ ಟಂಕಸಾಲೆಗಳನ್ನು ಒಂದು ವರ್ಷಕ್ಕೆ 60 ಲಕ್ಷ ಗುಲ್ಡನ್‌ಗೆ ಗುತ್ತಿಗೆ ಕೊಟ್ಟ. ಗುತ್ತಿಗೆ ಕೂಟದಲ್ಲಿ ಲೇವಾದೇವಿಗಾರ ಹಾನ್ಸ್ ಡೆ ವಿಟ್ಟೆ, ಪ್ರಾಗ್‌ನ ಯೆಹೂದಿ ವರ್ತಕ ಯಾಕೊಬ್ ಬಸ್ಸೇವಿ, ರಾಜ್ಯಪಾಲ ಕಾರ್ಲ್ ಫೊನ್ ಲೀಖ್ಟನ್‌ಸ್ಟೈನ್, ಸೇನಾನಿ ಆಲ್ಬ್ರೆಕ್ಟ್ ಫೊನ್ ವಾಲೆನ್‌ಸ್ಟೈನ್ ಇದ್ದರು. ಯುದ್ಧಕ್ಕೆ ಮೊದಲು ಒಂದು ಮಾರ್ಕ್ ಬೆಳ್ಳಿಯಿಂದ ಸುಮಾರು 19 ಗುಲ್ಡನ್ ಬೆಲೆಯ ನಾಣ್ಯ ಆಗುತ್ತಿದ್ದಲ್ಲಿ ಈ ಕೂಟಕ್ಕೆ 79 ಗುಲ್ಡನ್‌ನಷ್ಟು ಮಾಡುವ ಅನುಮತಿ ಸಿಕ್ಕಿತು. ಸೋತ ಪ್ರಾಟೆಸ್ಟಂಟ್ ಸರದಾರರಿಂದ ಕಿತ್ತುಕೊಂಡ ಜಮೀನನ್ನು ಕೂಟದ ಕೆಲವು ಸದಸ್ಯರು ಇದೇ ಸವಕಲು ಹಣದಲ್ಲಿ ಕೊಂಡರು. ವಾಲೆನ್‌ಸ್ಟೈನ್‌ನ ಸಿರಿಯ ಬುನಾದಿಯಲ್ಲಿ ಈ ಖರೀದಿಗಳೂ ಸೇರಿವೆ.

ದಕ್ಷಿಣದಲ್ಲಿ ಟಾಲರಿನ ಬೆಲೆ 1622ರ ಹೊತ್ತಿಗೆ 600 ಕ್ರೊಯ್ಟ್ಸರ್, ಅಂದರೆ 10 ಗುಲ್ಡನ್ ಮುಟ್ಟಿತು. ಮೊದಮೊದಲು ಹಣ ಕೈತುಂಬಿ ಸುಗ್ಗಿಯಂತೆ ಕಂಡರೂ ಬೇಗನೆ ರೈತರು ಧಾನ್ಯ ಮಾರಲು, ರೊಟ್ಟಿಯಂಗಡಿಯವರು ಬಾಗಿಲು ತೆರೆಯಲು ಒಪ್ಪದಾದರು. ನಿಗದಿತ ಸಂಬಳದ ಪಾದ್ರಿಗಳು, ಉಪಾಧ್ಯಾಯರು, ಕೂಲಿಗಾರರು ಹೆಚ್ಚು ನೊಂದರು. ಮಾಗ್ಡೆಬುರ್ಗ್‌ನಲ್ಲಿ 1622ರಲ್ಲಿ ಚಿನಿವಾರರ ಮನೆಗಳ ಮೇಲೆ ದಾಳಿ ನಡೆದು ರಕ್ತ ಹರಿಯಿತು. ಚಿನಿವಾರರನ್ನು ದೆವ್ವದ ಜತೆಗಾರರಂತೆ ಚಿತ್ರಿಸುವ ಬೀದಿಹಾಳೆಗಳು ಮಾರಾಟವಾದವು. ಕಿಪ್ಪರ್‌ಗಳ ಪಾಪ ಕುರಿತು ಧರ್ಮಶಾಸ್ತ್ರಜ್ಞರು ಹೊತ್ತಿಗೆ ಬರೆದರು.

ಕೊನೆಗೆ ಬೆಂಕಿ ಆರಿದುದು ಪ್ರಭುಗಳಿಗೇ ಬಿಸಿ ತಟ್ಟಿದಾಗ. ತಾವು ಹೊರಡಿಸಿದ ಹಣವೇ ತೆರಿಗೆಯಾಗಿ ಬೊಕ್ಕಸಕ್ಕೆ ಮರಳಿದಾಗ ಅದರಿಂದ ಏನನ್ನೂ ಕೊಳ್ಳುವಂತಿರಲಿಲ್ಲ. 1622–23ರಲ್ಲಿ ಒಂದೊಂದೇ ಸಂಸ್ಥಾನ ಹಳೆಯ ಮಟ್ಟಕ್ಕೆ ಮರಳಿ, ಟಾಲರಿಗೆ 90 ಕ್ರೊಯ್ಟ್ಸರ್ ಎಂಬ ದರ ನಿಂತಿತು. ಬೊಹೀಮಿಯದಲ್ಲಿ 1623ರ ಡಿಸೆಂಬರಿನ ಆಜ್ಞೆ ಕೆಟ್ಟ ಹಣದ ಬೆಲೆಯನ್ನು ಹತ್ತಿರಹತ್ತಿರ ಹತ್ತನೆಯ ಒಂದು ಭಾಗಕ್ಕೆ ಇಳಿಸಿತು. ನಷ್ಟ ಬಿದ್ದುದು ಆ ದಿನ ಯಾರ ಪೆಟ್ಟಿಗೆಯಲ್ಲಿ ಆ ನಾಣ್ಯಗಳಿದ್ದವೋ ಅವರ ಮೇಲೆ.

ಒಪ್ಪಂದಗಳ ಕಾಲ

ಯುದ್ಧ ಮುಗಿದ ಮೇಲೆ ಸಾಮ್ರಾಜ್ಯದ ಶಾಸನಕ್ಕಿಂತ ನೆರೆಹೊರೆಯ ಸಂಸ್ಥಾನಗಳ ಒಪ್ಪಂದಗಳು ಮುಖ್ಯವಾದವು. 1667ರಲ್ಲಿ ಸಾಕ್ಸನಿ ಮತ್ತು ಬ್ರಾಂಡೆನ್‌ಬರ್ಗ್ ಜಿನ್ನಾ ಎಂಬಲ್ಲಿ ಕೂತು, ಒಂದು ಮಾರ್ಕ್ ಶುದ್ಧ ಬೆಳ್ಳಿಗೆ 10½ ಟಾಲರ್ ಲೆಕ್ಕ ಒಪ್ಪಿದವು. 1670ರ ಮತ್ತು 1680ರ ದಶಕಗಳಲ್ಲಿ ಸಣ್ಣ ಕೌಂಟ್‌ಗಳ ಗುತ್ತಿಗೆ ಟಂಕಸಾಲೆಗಳಿಂದ ಎರಡನೆಯ ಕಿಪ್ಪರ್ ಹಾವಳಿ ಎದ್ದಿತು. ಅದಕ್ಕೆ ಉತ್ತರವಾಗಿ 1690ರ ಲೈಪ್‌ಜಿಗ್ ಮಟ್ಟ ಮಾರ್ಕಿಗೆ 12 ಟಾಲರ್ ಎಂದಿತು. 1750ರಲ್ಲಿ ಯೋಹಾನ್ ಫಿಲಿಪ್ ಗ್ರೌಮನ್‌ನ ಸಲಹೆಯಂತೆ ಪ್ರಷ್ಯಾ 14 ಟಾಲರಿಗೆ ಹೋಯಿತು. 1753ರಲ್ಲಿ ಆಸ್ಟ್ರಿಯ ಮತ್ತು ಬವೇರಿಯ ಮಾರ್ಕಿಗೆ 20 ಗುಲ್ಡನ್ ಎಂಬ ಒಡಂಬಡಿಕೆ ಮಾಡಿಕೊಂಡವು. ಬವೇರಿಯ ಮರುವರ್ಷವೇ ಅದೇ ನಾಣ್ಯಗಳನ್ನು 24 ಗುಲ್ಡನ್ ಲೆಕ್ಕದಲ್ಲಿ ಎಣಿಸತೊಡಗಿತು. ದಕ್ಷಿಣ ಜರ್ಮನಿಯ ಕ್ರೊಯ್ಟ್ಸರ್ ಆಸ್ಟ್ರಿಯದ ಕ್ರೊಯ್ಟ್ಸರ್‌ಗಿಂತ ಹಗುರಾದುದು ಹೀಗೆ. 9ರಿಂದ 14ಕ್ಕೆ ಇಳಿದ ಈ ಮೆಟ್ಟಿಲುಗಳಲ್ಲಿ ಪ್ರತಿಯೊಂದೂ ಚಿಲ್ಲರೆ ಆಗಲೇ ತಲುಪಿದ್ದ ಮಟ್ಟಕ್ಕೆ ದೊಡ್ಡ ನಾಣ್ಯವನ್ನು ಹೊಂದಿಸಿದ ಕ್ರಿಯೆ.

ಏಳು ವರ್ಷಗಳ ಯುದ್ಧದಲ್ಲಿ (1756–63) ಪ್ರಷ್ಯಾದ ಎರಡನೆಯ ಫ್ರೀಡ್ರಿಕ್ ಸಾಕ್ಸನಿಯನ್ನು ವಶಪಡಿಸಿಕೊಂಡು, ಲೈಪ್‌ಜಿಗ್ ಟಂಕಸಾಲೆಯನ್ನು ಫೈಟೆಲ್ ಹೈನೆ ಎಫ್ರಾಯಿಮ್ ಮತ್ತು ಡಾನಿಯೆಲ್ ಇಟ್ಸಿಗ್ ಪಾಲುದಾರಿಕೆಗೆ ಗುತ್ತಿಗೆ ಕೊಟ್ಟ. ಸಾಕ್ಸನಿಯ ಅಚ್ಚುಗಳಲ್ಲೇ, ಯುದ್ಧಪೂರ್ವದ ಇಸವಿಯೊಂದಿಗೆ, ಸಾಕ್ಸನಿ ಮತ್ತು ಪೋಲೆಂಡಿನ ನಾಣ್ಯಗಳನ್ನು ಕೀಳು ಲೋಹದಲ್ಲಿ ಹೊಡೆಯಿಸಲಾಯಿತು. ಆಜ್ಞೆ ದೊರೆಯದು, ಲಾಭದ ಸಿಂಹಪಾಲು ಯುದ್ಧದ ಬೊಕ್ಕಸದ್ದು; ಆದರೆ ಜನರ ನಾಲಗೆಯ ಮೇಲೆ ಆ ನಾಣ್ಯಗಳಿಗೆ ಯೆಹೂದಿ ಗುತ್ತಿಗೆದಾರನ ಹೆಸರು ಅಂಟಿ 'ಎಫ್ರಾಯಿಮಿಟನ್' ಆಯಿತು. ಯುದ್ಧದ ನಂತರ ಸಾಕ್ಸನಿ ಕಳೆದ ನಂಬಿಕೆಯನ್ನು ಮರಳಿ ಪಡೆಯಲು ತನ್ನ ಗ್ರೋಶನ್ ಮೇಲೆಯೇ 320ಕ್ಕೆ ಒಂದು ಮಾರ್ಕ್ ಶುದ್ಧ ಬೆಳ್ಳಿ ಎಂದು ಅಚ್ಚುಹಾಕಿಸಿತು.

ಬೆಳ್ಳಿಯಿಂದ ಭರವಸೆಗೆ

ಪ್ರಷ್ಯಾ ಮಾತ್ರ 18ನೇ ಶತಮಾನದ ಕೊನೆಯ ದಶಕಗಳಲ್ಲಿ ಕಡಿಮೆ ಬೆಳ್ಳಿಯ ಗ್ರೋಶನ್‌ಗಳನ್ನು ಅತಿಯಾಗಿ ಹೊರಡಿಸಿತು. 1806ರಲ್ಲಿ ನೆಪೋಲಿಯನ್ ಎದುರು ಸೋತ ಮೇಲೆ ಅವುಗಳ ಬೆಲೆ ಕುಸಿಯಿತು. 1811ರ ಹೊತ್ತಿಗೆ ಟಾಲರಿಗೆ 24ರ ಬದಲು 42 ಗ್ರೋಶನ್ ಕೊಡಬೇಕಾಯಿತು. ಈ ಪೆಟ್ಟಿನ ಪಾಠ 1821ರ ಪ್ರಷ್ಯನ್ ನಾಣ್ಯ ಕಾಯಿದೆಯಲ್ಲಿ ಕಾಣುತ್ತದೆ. ಟಾಲರಿಗೆ 30 ಸಿಲ್ಬರ್‌ಗ್ರೋಶನ್, ಸಿಲ್ಬರ್‌ಗ್ರೋಶನ್‌ಗೆ 12 ಫೆನ್ನಿಗ್; ಫೆನ್ನಿಗ್‌ಗಳು ತಾಮ್ರದವು. ಸಿಲ್ಬರ್‌ಗ್ರೋಶನ್ 2.19 ಗ್ರಾಂ ತೂಕದ, ಸಾವಿರಕ್ಕೆ 222 ಭಾಗ ಬೆಳ್ಳಿಯ ಬಿಲ್ಲನ್. ಒಂದು ಮಾರ್ಕ್ ಬೆಳ್ಳಿಯಿಂದ ದೊಡ್ಡ ನಾಣ್ಯವಾದರೆ 14 ಟಾಲರ್, ಸಿಲ್ಬರ್‌ಗ್ರೋಶನ್ ಆದರೆ 16 ಟಾಲರ್ ಬೆಲೆಯಷ್ಟು. ನಡುವಿನ ಎಂಟನೆಯ ಒಂದು ಭಾಗ ತಯಾರಿಕೆಯ ಖರ್ಚಿಗೆಂದು ಬಹಿರಂಗವಾಗಿಯೇ ಬಿಟ್ಟ ಅಂತರ.

1837ರ ಮ್ಯೂನಿಕ್, 1838ರ ಡ್ರೆಸ್ಡೆನ್ ಮತ್ತು 1857ರ ವಿಯೆನ್ನಾ ಒಪ್ಪಂದಗಳು ಈ ತತ್ತ್ವವನ್ನು ಜರ್ಮನ್ ರಾಜ್ಯಗಳಿಗೆಲ್ಲ ಹರಡಿದವು. ಚಿಲ್ಲರೆಯನ್ನು ಪೂರ್ಣಬೆಲೆಯ ನಾಣ್ಯದಿಂದ ಕಾನೂನೇ ಬೇರ್ಪಡಿಸಿತು. ದೊಡ್ಡ ಪಾವತಿಗೆ ಅದನ್ನು ಯಾರೂ ಒಪ್ಪಬೇಕಾಗಿರಲಿಲ್ಲ. ಗೊತ್ತಾದ ಮೊತ್ತ ಕೂಡಿದರೆ ಸರಕಾರಿ ಖಜಾನೆ ಅದನ್ನು ಪಡೆದು ಪೂರ್ಣಬೆಲೆಯ ನಾಣ್ಯ ಕೊಡಬೇಕಿತ್ತು. ಹೀಗೆ ಮಿತಿ ಮತ್ತು ಮರುಪಾವತಿಯ ಹೊಣೆ ಎರಡೂ ಸೇರಿದಾಗ ನಾಣ್ಯದೊಳಗಿನ ಬೆಳ್ಳಿ ಎಷ್ಟೆಂದು ಕೇಳುವ ಅಗತ್ಯ ಉಳಿಯಲಿಲ್ಲ. 1871 ಮತ್ತು 1873ರ ಕಾಯಿದೆಗಳು 100 ಫೆನ್ನಿಗ್‌ನ ಮಾರ್ಕನ್ನು ತಂದು, 5 ಮತ್ತು 10 ಫೆನ್ನಿಗ್‌ಗಳನ್ನು ತಾಮ್ರ-ನಿಕ್ಕಲ್‌ನಲ್ಲೂ 1 ಮತ್ತು 2 ಫೆನ್ನಿಗ್‌ಗಳನ್ನು ತಾಮ್ರದಲ್ಲೂ ಹೊರಡಿಸಿದವು. 10 ಫೆನ್ನಿಗ್‌ನ ನಾಣ್ಯವನ್ನು ಮಾತ್ರ ಜನ ಗ್ರೋಶನ್ ಎಂದೇ ಕರೆಯುತ್ತಾ ಹೋದರು.

ಚಿತ್ರ ಮತ್ತು ಬರಹ

ಓದುಬರಹ ತಿಳಿಯದವರಿಗೂ ಗುರುತು ಸಿಗುವಂತೆ ಚಿಲ್ಲರೆಯ ಮೇಲೆ ಲಾಂಛನವೇ ಪ್ರಧಾನ. ಮೈನ್ಸ್ ಬಿಷಪ್ಪರ ಚಕ್ರ, ಔಗ್ಸ್‌ಬುರ್ಗ್‌ನ ಪೈನ್ ಕಾಯಿ, ರೇಗನ್ಸ್‌ಬುರ್ಗ್‌ನ ಅಡ್ಡಹಾಕಿದ ಕೀಲಿಗಳು, ಹಾಂಬುರ್ಗ್‌ನ ಕೋಟೆ, ಸ್ಟ್ರಾಸ್‌ಬುರ್ಗ್‌ನ ಲಿಲ್ಲಿ ಹೂ, ಸಾಕ್ಸನಿಯ ಅಡ್ಡಗತ್ತಿಗಳು ಇವಕ್ಕೆ ನಿದರ್ಶನ. ಟ್ರಿಯರ್‌ನ ಸಣ್ಣ ನಾಣ್ಯದ ಮೇಲೆ ಸಂತ ಪೀಟರ್ ಇದ್ದ ಕಾರಣ ಅದಕ್ಕೆ ಪೇಟರ್‌ಮೆನ್‌ಖನ್, ಅಂದರೆ ಪುಟ್ಟ ಪೀಟರಪ್ಪ ಎಂಬ ಮುದ್ದಿನ ಹೆಸರು ಬಂತು. ಸಾಮ್ರಾಜ್ಯದ ನಿಯಮದಂತೆ ಹಲವು ನಾಣ್ಯಗಳ ಮೇಲೆ ಶಿಲುಬೆ ಹೊತ್ತ ಗೋಲ, ಅದರೊಳಗೊಂದು ಅಂಕೆ: ದಕ್ಷಿಣದಲ್ಲಿ 3 ಎಂದರೆ ಮೂರು ಕ್ರೊಯ್ಟ್ಸರ್, ಉತ್ತರದಲ್ಲಿ 24 ಎಂದರೆ ಟಾಲರಿನ ಇಪ್ಪತ್ತನಾಲ್ಕನೆಯ ಒಂದು ಭಾಗ. 18ನೇ ಶತಮಾನದಲ್ಲಿ ಕೆಲವು ಸಂಸ್ಥಾನಗಳು, ತಮ್ಮ ಗಡಿಯೊಳಗೆ ಮಾತ್ರ ಸಲ್ಲುವ ನಾಣ್ಯವೆಂದು ಸೂಚಿಸಲು 'ನಾಡನಾಣ್ಯ' ಎಂದು ಅದರ ಮೇಲೆಯೇ ಬರೆಸಿದವು.

ಅಧ್ಯಯನ

ಬರ್ಲಿನ್, ಡ್ರೆಸ್ಡೆನ್, ಮ್ಯೂನಿಕ್ ಮತ್ತು ವಿಯೆನ್ನಾಗಳ ನಾಣ್ಯ ಸಂಗ್ರಹಾಲಯಗಳಲ್ಲಿ ಈ ಚಿಲ್ಲರೆಯ ದೊಡ್ಡ ಸಂಗ್ರಹಗಳಿವೆ. ಪ್ರಷ್ಯಾದ ನಾಣ್ಯ ಇತಿಹಾಸವನ್ನು ದಾಖಲೆಗಳಿಂದ ಕಟ್ಟಿದ ಫ್ರೀಡ್ರಿಕ್ ಫೊನ್ ಶ್ರಯೊಟರ್ ಸಂಪಾದಿಸಿದ ನಾಣ್ಯಶಾಸ್ತ್ರ ಕೋಶ (1930) ಈ ಕ್ಷೇತ್ರದ ಆಧಾರ ಗ್ರಂಥ. ಕಿಪ್ಪರ್ ಕಾಲದ ಬಿಕ್ಕಟ್ಟನ್ನು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಕಿಂಡಲ್‌ಬರ್ಗರ್ 1991ರ ಪ್ರಬಂಧದಲ್ಲಿ ಗಡಿಯಿಂದ ಗಡಿಗೆ ಹಬ್ಬಿದ ಹಣಕಾಸಿನ ಸೋಂಕಾಗಿ ವಿಶ್ಲೇಷಿಸಿದ. ಇಟಲಿಯ ಕಾರ್ಲೊ ಚಿಪೊಲ್ಲಾ ಗುರುತಿಸಿದ್ದ ಚಿಲ್ಲರೆಯ ಸಮಸ್ಯೆಗೆ ಥಾಮಸ್ ಸಾರ್ಜೆಂಟ್ ಮತ್ತು ಫ್ರಾನ್ಸ್ವಾ ವೆಲ್ಡೆ 2002ರಲ್ಲಿ ಪುಸ್ತಕರೂಪದ ಸಿದ್ಧಾಂತ ಕೊಟ್ಟರು. ಕಡಿಮೆ ಲೋಹ, ಮಿತವಾದ ಸಂಖ್ಯೆ, ಬೇಡಿದಾಗ ದೊಡ್ಡ ನಾಣ್ಯಕ್ಕೆ ಬದಲಾಯಿಸಿಕೊಡುವ ಹೊಣೆ ಇವು ಮೂರು ಒಟ್ಟಿಗೆ ಬಂದಾಗ ಮಾತ್ರ ಚಿಲ್ಲರೆ ನೆಲೆ ನಿಲ್ಲುತ್ತದೆ ಎಂಬುದು ಅದರ ಸಾರ. ಜರ್ಮನ್ ಸಂಸ್ಥಾನಗಳಿಗೆ ಮೊದಲನೆಯದು ಆರಂಭದಿಂದಲೂ ಗೊತ್ತಿತ್ತು. ಉಳಿದೆರಡನ್ನು ಕಾನೂನಾಗಿಸಲು ಅವು 19ನೇ ಶತಮಾನದವರೆಗೆ ಕಾಯಬೇಕಾಯಿತು.